ತೋಟದ ಹಸಿರು, ಅಜ್ಜಿಯ ಟ್ರಂಕು: ಕ್ರಿಸ್ಮಸ್‌ಗೆ ಮನೆ ಸಿಂಗರಿಸುವುದು ಹೀಗೆ

ಮೊದಲು ಟ್ರಂಕು ತೆಗೆಯಿರಿ. ಆಮೇಲೆ ಕತ್ತಿ ಹಿಡಿದು ತೋಟಕ್ಕೆ ಹೋಗಿ. ತುಂಬಾ ಜನ ಇದನ್ನು ತಿರುಗುಮುರುಗು ಮಾಡುತ್ತಾರೆ. ಸೊಪ್ಪು, ಕೊಂಬೆ ಎಲ್ಲಾ ತಂದು ಜಗಲಿಯಲ್ಲಿ ರಾಶಿ ಹಾಕಿ, ಆಮೇಲೆ ಯಾವುದನ್ನು ಎಲ್ಲಿ ಕಟ್ಟೋದು ಅಂತ ಯೋಚನೆ ಮಾಡುತ್ತಾರೆ. ಅಷ್ಟರಲ್ಲಿ ಅರ್ಧ ಬಾಡಿರುತ್ತದೆ. ಮನೆಯಲ್ಲಿ ಯಾವ ಹಳೇ ಸಾಮಾನು ಇದೆ, ಅದನ್ನು ಎಲ್ಲಿಟ್ಟರೆ ಬಂದವರ ಕಣ್ಣಿಗೆ ಬೀಳುತ್ತದೆ ಅನ್ನೋದು ಮೊದಲೇ ತೀರ್ಮಾನವಾದರೆ ಹಸಿರು ಎಷ್ಟು ಬೇಕು ಅಂತ ತಾನಾಗಿ ಗೊತ್ತಾಗುತ್ತದೆ. ನೀವು ಅಂದುಕೊಂಡಿದ್ದಕ್ಕಿಂತ ಕಮ್ಮಿಯೇ ಸಾಕಾಗುತ್ತದೆ.

ಕೊಡಗಿನಲ್ಲಿ ಕ್ರಿಸ್ಮಸ್‌ಗೆ ವಯಸ್ಸಾಗಿದೆ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತ ಕುಟುಂಬಗಳಿಗೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ಇಲ್ಲಿ ನೆಲೆ ಕೊಟ್ಟ. ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚ್ ಶುರುವಾಗಿದ್ದು 1792ರಲ್ಲಿ. ಅಷ್ಟು ತಲೆಮಾರು ಇಲ್ಲೇ ಬಾಳಿದ ಮೇಲೆ ನಮ್ಮ ಮನೆಗಳ ಅಟ್ಟದಲ್ಲಿ ಏನಾದರೂ ಇದ್ದೇ ಇರುತ್ತದೆ, ಅಲ್ವಾ? ಮಣಿ ಸವೆದ ಜಪಮಾಲೆ, ಹಿತ್ತಾಳೆಯ ಶಿಲುಬೆ, ಜ್ಞಾನಸ್ನಾನದ ಫ್ರಾಕು, ಮದುವೆಯ ಕಪ್ಪು ಬಿಳುಪು ಫೋಟೊ, ಒಡೆಯದೆ ಉಳಿದ ಒಂದೆರಡು ಗಾಜಿನ ಗುಂಡು, ಲಾಟೀನು, ಸೇರು, ಪಾವು, ಗುಲಾಬಿ ಹೂವಿನ ತಿಂಡಿ ಕರಿಯುವ ಕಬ್ಬಿಣದ ಅಚ್ಚು. ಪೇಟೆಯಲ್ಲಿ ಸಿಗುವ ಪ್ಲಾಸ್ಟಿಕ್ ಗಂಟೆ ಯಾರ ಮನೆಯಲ್ಲಾದರೂ ತೂಗಾಡಬಹುದು. ಆ ಅಚ್ಚು ನಿಮ್ಮ ಮನೆಯಲ್ಲಿ ಮಾತ್ರ ಇರುವುದು.

ಎಲ್ಲವನ್ನೂ ಹೊರಗೆ ಇಡಬೇಡಿ. ಮನೆಯಲ್ಲಿ ಎಷ್ಟು ಜನ ಇದ್ದೀರೋ ಅಷ್ಟು ಸಾಮಾನು, ಒಬ್ಬೊಬ್ಬರು ಒಂದು ಆರಿಸಲಿ. ಯಾರು ಆರಿಸಿದರೋ ಅವರಿಗೆ ಅದು ಯಾರದ್ದು, ಎಲ್ಲಿಂದ ಬಂತು ಅಂತ ಹೇಳೋಕೆ ಬರಬೇಕು. ಬರದಿದ್ದರೆ ಮನೆಯ ಹಿರಿಯರನ್ನು ಕೂರಿಸಿಕೊಂಡು ಕೇಳಿ. ಈ ಕೆಲಸವನ್ನು ನವೆಂಬರ್ ಕೊನೆಯಲ್ಲೇ, ಆಗಮನ ಕಾಲ (ಕ್ರಿಸ್ಮಸ್‌ಗೆ ಸಿದ್ಧವಾಗುವ ಹಿಂದಿನ ವಾರಗಳು) ಶುರುವಾಗುವಾಗ ಮಾಡಿದರೆ ಒಳ್ಳೆಯದು. ಡಿಸೆಂಬರ್ 20ರ ಮೇಲೆ ಕುಸ್ವಾರ್ ಅಂದರೆ ಕ್ರಿಸ್ಮಸ್ ತಿಂಡಿಗಳ ಕೆಲಸದ ಮಧ್ಯೆ ಯಾರಿಗೂ ಪುರುಸೊತ್ತು ಇರೋದಿಲ್ಲ, ಎಣ್ಣೆ ಕೈಯಲ್ಲಿ ಹಳೇ ಫೋಟೊ ಮುಟ್ಟುವ ಹಾಗೂ ಇಲ್ಲ.

ಫೋಟೊ, ಕಾಗದಪತ್ರಗಳ ಬಗ್ಗೆ ಒಂದು ಮಾತು. ಅಸಲು ಫೋಟೊವನ್ನು ಹಸಿ ಸೊಪ್ಪಿನ ಹತ್ತಿರ ಇಡಲೇಬೇಡಿ. ನಮ್ಮಲ್ಲಿ ಮಳೆಗಾಲದ ಥಂಡಿಗೇ ಅವು ಅರ್ಧ ಬೂಷ್ಟು ಹಿಡಿದಿರುತ್ತವೆ. ಸ್ಕ್ಯಾನ್ ಮಾಡಿಸಿ, ದಪ್ಪ ಕಾಗದದಲ್ಲಿ ಪ್ರಿಂಟ್ ತೆಗೆಸಿ, ಅದನ್ನು ತೂಗು ಹಾಕಿ. ಬಟ್ಟೆಯಾದರೆ ಗುಂಡುಸೂಜಿ ಚುಚ್ಚಬೇಡಿ, ತುಕ್ಕಿನ ಕಲೆ ಹೋಗೋದಿಲ್ಲ. ಫ್ರಾಕನ್ನು ಮಗುವಿನ ಹ್ಯಾಂಗರ್‌ಗೆ ಹಾಕಿ ಗೋಡೆಗೆ ನೇತು ಹಾಕಿದರೆ ಸಾಕು. ಪಕ್ಕದಲ್ಲಿ ಒಣಗಿದ ಎಲೆ ಮಾತ್ರ ಇರಲಿ.

ಇನ್ನು ಹಸಿರು.

ನಮ್ಮ ತೋಟದಲ್ಲಿ ಇದಕ್ಕೆ ಹೇಳಿ ಮಾಡಿಸಿದ್ದು ಸಿಲ್ವರ್ ಓಕ್. ಎಲೆಯ ಮೇಲ್ಭಾಗ ಕಡು ಹಸಿರು, ಹಿಂಭಾಗ ಬೆಳ್ಳಿ ಬಣ್ಣ, ಅಂಚು ಜರಿಗಿಡದ ಎಲೆಯ ಹಾಗೆ ಸೀಳು ಸೀಳು. ಒಣಗಿದರೂ ಆಕಾರ ಕೆಡೋದಿಲ್ಲ. ನೀರು ಬೇಡ, ಆರೈಕೆ ಬೇಡ. ಕಾಳುಮೆಣಸು ಹಬ್ಬಿಸಿದ ಮರದ ಪಕ್ಕದ ರೆಂಬೆ ಸವರಿದಾಗ ಬಿದ್ದ ಸೊಪ್ಪೇ ಧಾರಾಳ, ಹೊಸದಾಗಿ ಕಡಿಯಬೇಕಾಗಿಲ್ಲ. ಕೆಲವು ಎಲೆ ಹಸಿರು ಮುಖ ಮೇಲೆ, ಕೆಲವು ಬೆಳ್ಳಿ ಮುಖ ಮೇಲೆ ಬರುವಂತೆ ಕಟ್ಟಿ. ರಾತ್ರಿ ದೀಪದ ಬೆಳಕಿಗೆ ಆ ಬೆಳ್ಳಿ ಎಷ್ಟು ಚೆನ್ನಾಗಿ ಕಾಣುತ್ತದೆ ಅಂದರೆ ಮಿಂಚುವ ಕಾಗದ ಏನೂ ಬೇಡ.

ಕಾಳುಮೆಣಸಿನ ಬಳ್ಳಿ ಬಾಗಿಲ ಚೌಕಟ್ಟಿಗೆ ಚೆನ್ನ. ಆದರೆ ಕರೆ (ಮೆಣಸಿನ ಗೊಂಚಲು) ಇರುವ ಬಳ್ಳಿ ಕೀಳಬೇಡಿ, ಕೊಯ್ಲಿಗೆ ಇನ್ನು ಸ್ವಲ್ಪ ದಿನ ಅಷ್ಟೇ ಇರೋದು. ಮರದ ಬುಡದಲ್ಲಿ ನೆಲದ ಮೇಲೆ ಹರಿದುಕೊಂಡು ಹೋಗುವ ಬಳ್ಳಿ ಇರುತ್ತದಲ್ಲ, ಅದರಲ್ಲಿ ನರ್ಸರಿಗೆ ಬೇಕಾದಷ್ಟು ಬಿಟ್ಟು ಮಿಕ್ಕಿದ್ದು ತನ್ನಿ. ಬುಡವನ್ನು ನೀರಿನ ಬಾಟಲಿಯಲ್ಲಿ ಇಟ್ಟು ಬಾಟಲಿಯನ್ನು ಸೊಪ್ಪಿನ ಹಿಂದೆ ಮರೆಮಾಡಿದರೆ ಹಬ್ಬದುದ್ದಕ್ಕೂ ಹಸಿರಾಗಿರುತ್ತದೆ.

ಕಾಫಿ ಗಿಡದ ರೆಂಬೆ ಕೆಂಪು ಹಣ್ಣಿನ ಸಮೇತ ನೋಡೋಕೆ ಬಲು ಚೆಂದ. ಅದು ಎರಡು ಮೂರು ದಿನದ ಚೆಂದ. ಎಲೆ ಬೇಗ ಜೋಲುತ್ತದೆ, ಹಣ್ಣು ಉದುರುತ್ತದೆ. ಹಾಗಾಗಿ 23ಕ್ಕೋ 24ಕ್ಕೋ ತಂದು ನೀರಿನಲ್ಲಿಡಿ. ತರುವ ಮೊದಲು ಚೆನ್ನಾಗಿ ಕೊಡವಿ, ಕೆಂಜಿಗ ಇರುತ್ತದೆ. ಉದುರಿದ ಹಣ್ಣನ್ನು ಗುಡಿಸಿ ತೋಟಕ್ಕೆ ಎಸೆಯಬೇಡಿ. ಕಾಯಿಕೊರಕ ಹುಳು ಅಂಥ ಹಣ್ಣಿನಲ್ಲೇ ಉಳಿದುಕೊಂಡು ಮುಂದಿನ ಬೆಳೆಗೆ ಹೋಗುತ್ತದೆ. ಕುದಿಯುವ ನೀರಿಗೆ ಹಾಕಿ ಆಮೇಲೆ ಗೊಬ್ಬರದ ಗುಂಡಿಗೆ ಹಾಕಿ.

ಪಾಯಿನ್ಸೆಟಿಯಾ ನಮ್ಮ ಊರುಗಳ ಬೇಲಿಯಲ್ಲಿ ಡಿಸೆಂಬರ್‌ಗೆ ಸರಿಯಾಗಿ ಕೆಂಪಾಗುತ್ತದೆ. ಕೊಯ್ದ ಕೂಡಲೇ ಬಿಳಿ ಹಾಲು ಸುರಿಯುತ್ತದೆ, ಕೈಗೆ ತಾಗಿದರೆ ಕೆಲವರಿಗೆ ತುರಿಕೆ. ಕೊಯ್ದ ತುದಿಯನ್ನು ಬಿಸಿ ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ, ಹಾಲು ನಿಲ್ಲುತ್ತದೆ, ಗೊಂಚಲೂ ಬೇಗ ಬಾಡೋದಿಲ್ಲ. ಕಣಗಿಲೆ ಮಾತ್ರ ಒಳಗೆ ತರಬೇಡಿ, ವಿಷ. ಚಿಕ್ಕ ಮಕ್ಕಳಿರುವ ಮನೆಯಲ್ಲಂತೂ ಬೇಡವೇ ಬೇಡ.

ಎಲ್ಲಿಂದ ತರಬಾರದು ಅನ್ನೋದೂ ಅಷ್ಟೇ ಮುಖ್ಯ. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ, ಅಲ್ಲಿಂದ ಒಂದು ಎಲೆಯನ್ನೂ ಮುಟ್ಟಬೇಡಿ. ಅದು ಊರವರ ನಂಬಿಕೆ, ನಮ್ಮ ಹಬ್ಬಕ್ಕೋಸ್ಕರ ಅವರ ಮನಸ್ಸು ನೋಯಿಸಬಾರದು. ಮೀಸಲು ಅರಣ್ಯದಿಂದ ತರುವುದು ಕಾನೂನಿಗೂ ವಿರುದ್ಧ. ಮರದ ಮೇಲಿನ ಸೀತಾಳೆ ಹೂವಿನ (ಆರ್ಕಿಡ್) ಗಿಡವನ್ನು ಕಿತ್ತು ತಂದು ಗೋದಲಿಯಲ್ಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ಅಲಂಕಾರದಲ್ಲಿ, ಇಡುವವರಿದ್ದಾರೆ. ದಯವಿಟ್ಟು ಬೇಡ. ಅದು ವರ್ಷಗಟ್ಟಲೆ ಕಷ್ಟಪಟ್ಟು ಆ ಕೊಂಬೆ ಹಿಡಿದಿರುತ್ತದೆ.

ಬಾಗಿಲಿಗೆ ಹಸಿರು ಬಳೆ ಕಟ್ಟೋದು

ಬಳೆಯ ಚೌಕಟ್ಟಿಗೆ ತಂತಿ ಕೊಳ್ಳಬೇಕಾಗಿಲ್ಲ. ಲಂಟಾನ ತೋಟದಂಚಿನಲ್ಲೆಲ್ಲ ಬೆಳೆದು ನಿಂತಿರುತ್ತದೆ, ಅದನ್ನು ಕಡಿದಷ್ಟೂ ಒಳ್ಳೆಯದೇ. ಬೆರಳಿಗಿಂತ ತೆಳ್ಳಗಿನ ಹಸಿ ಕಡ್ಡಿ ಆರಿಸಿ, ಎಲೆ, ಕಾಯಿ ಎಲ್ಲಾ ತೆಗೆದು, ಮುಳ್ಳನ್ನು ಗೋಣಿಚೀಲದಿಂದ ಉಜ್ಜಿ. ಕಾಯಿ ವಿಷದ್ದು, ಅದನ್ನು ಹೊರಗೇ ಬಿಡಿ. ನಾಲ್ಕೈದು ಕಡ್ಡಿ ಒಂದರ ಮೇಲೊಂದು ಹೊಸೆದು ದುಂಡಗೆ ಬಗ್ಗಿಸಿ ಕಟ್ಟಿ, ಒಂದು ದಿನ ಬಿಸಿಲಿಗಿಡಿ. ಆಮೇಲೆ ಅದು ಬಿಡೋದಿಲ್ಲ.

ಕಟ್ಟೋಕೆ ಬಾಳೆನಾರು. ಒಣಗಿದ ಪಟ್ಟೆಯನ್ನು ಸೀಳಿ ಹತ್ತು ನಿಮಿಷ ನೀರಿನಲ್ಲಿ ನೆನೆಹಾಕಿದರೆ ಮೆತ್ತಗಾಗುತ್ತದೆ. ಸೊಪ್ಪನ್ನು ಗೇಣುದ್ದದ ಚಿಕ್ಕ ಚಿಕ್ಕ ಕಟ್ಟು ಮಾಡಿಕೊಳ್ಳಿ. ಮೊದಲ ಕಟ್ಟನ್ನು ಬಳೆಯ ಮೇಲಿಟ್ಟು ಅದರ ಬುಡಕ್ಕೆ ನಾರನ್ನು ಮೂರು ಸುತ್ತು ಬಿಗಿಯಾಗಿ ಸುತ್ತಿ. ನಾರು ಕತ್ತರಿಸಬೇಡಿ. ಎರಡನೇ ಕಟ್ಟಿನ ಎಲೆ ಮೊದಲನೆಯದರ ಬುಡವನ್ನು ಮುಚ್ಚುವಂತೆ ಇಟ್ಟು ಮತ್ತೆ ಸುತ್ತಿ. ಹೂಮಾಲೆ ಕಟ್ಟಿ ಗೊತ್ತಿರುವವರಿಗೆ ಕೈ ತಾನಾಗಿ ಓಡುತ್ತದೆ. ಎಲ್ಲಾ ಕಟ್ಟೂ ಒಂದೇ ದಿಕ್ಕಿಗೆ ಇರಬೇಕು, ಅದೊಂದೇ ನಿಯಮ. ನಾರು ಒಣಗಿದಂತೆ ಇನ್ನೂ ಬಿಗಿಯುತ್ತದೆ, ಪ್ಲಾಸ್ಟಿಕ್ ದಾರದಲ್ಲಿ ಈ ಗುಣ ಇಲ್ಲ.

ಮಧ್ಯದಲ್ಲಿ ಒಂದೆರಡು ಹಿಡಿ ಭತ್ತದ ತೆನೆ ಸೇರಿಸಿ. ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಮುಗಿದು ಗದ್ದೆ ಕೊಯ್ಲು ನಡೆಯುವ ಹೊತ್ತು, ಕೇಳಿದರೆ ಯಾರೂ ಇಲ್ಲ ಅನ್ನೋದಿಲ್ಲ. ಹುತ್ತರಿಗೆ ಮುಂಚೆ ಮಾತ್ರ ಕೇಳಲು ಹೋಗಬೇಡಿ, ಮೊದಲ ಕದಿರು ದೇವರ ಹೆಸರಿನಲ್ಲಿ ಆಗಬೇಕು. ಕೆಳಗಡೆ, ಎಲ್ಲಾ ಕಟ್ಟು ಸೇರುವ ಜಾಗದಲ್ಲಿ, ನೀವು ಆರಿಸಿದ ಒಂದು ಹಳೇ ಸಾಮಾನು ಕಟ್ಟಿ. ಗುಲಾಬಿ ಹೂವಿನ ಅಚ್ಚು ಇಲ್ಲಿಗೆ ಸರಿಯಾಗುತ್ತದೆ. ಕಬ್ಬಿಣ, ಇಬ್ಬನಿಗೆ ತುಕ್ಕು ಹಿಡಿಯದಂತೆ ಒಂದು ಹನಿ ತೆಂಗಿನೆಣ್ಣೆ ಸವರಿ.

ಮರಕ್ಕೆ ಹಳೇ ಕಾಫಿ ಗಿಡ

ಕೆಲವರು ಸರ್ವೆ ಕೊಂಬೆ ತಂದು ನಿಲ್ಲಿಸುತ್ತಾರೆ. ಪರವಾಗಿಲ್ಲ, ಆದರೆ ವಾರದೊಳಗೆ ಉದುರೋಕೆ ಶುರುವಾಗುತ್ತದೆ, ಒಣಗಿದ ಮೇಲೆ ಬೆಂಕಿಗೂ ಬೇಗ ಹತ್ತುತ್ತದೆ. ನನ್ನನ್ನು ಕೇಳಿದರೆ ಹಳೇ ಅರೇಬಿಕಾ ಗಿಡ ಕಿತ್ತು ಹೊಸದು ನೆಡುವವರ ಹತ್ತಿರ ಒಂದು ಗಿಡ ಕೇಳಿ ತನ್ನಿ. ಕಾಫಿ ರೆಂಬೆಗಳು ಜೋಡಿ ಜೋಡಿಯಾಗಿ ಎದುರುಬದುರು ಅಡ್ಡಕ್ಕೆ ಚಾಚಿರುತ್ತವೆ, ಏನು ಬೇಕಾದರೂ ತೂಗು ಹಾಕಬಹುದು. ಎಲೆ ಕಿತ್ತು, ತೊಗಟೆ ಉಜ್ಜಿ, ಬಿಸಿಲಿಗೆ ಒಣಗಿಸಿ, ಬಕೆಟ್‌ನಲ್ಲಿ ಕಲ್ಲು ಮರಳು ತುಂಬಿ ನಿಲ್ಲಿಸಿ. ಬರೀ ರೆಂಬೆಯ ಮೇಲೆ ಫೋಟೊ, ಜಪಮಾಲೆ, ಗಾಜಿನ ಗುಂಡು ಒಂದೊಂದೂ ಬಿಡಿ ಬಿಡಿಯಾಗಿ ಕಾಣುತ್ತದೆ. ದಟ್ಟ ಹಸಿರು ಮರದಲ್ಲಿ ಅವೆಲ್ಲ ಮುಳುಗಿ ಹೋಗುತ್ತವೆ. ಈ ಮರವನ್ನು ಪ್ರತಿ ವರ್ಷ ತೆಗೆದಿಟ್ಟು ಬಳಸಬಹುದು, ಸ್ವಲ್ಪ ವರ್ಷದಲ್ಲಿ ಅದೂ ಮನೆಯ ಸಾಮಾನೇ ಆಗುತ್ತದೆ.

ಬಣ್ಣಕ್ಕೆ ಕಿತ್ತಳೆ ಸಿಪ್ಪೆ. ಕೊಡಗಿನ ಕಿತ್ತಳೆಯ ಸಿಪ್ಪೆ ಸಡಿಲ, ಬಿಲ್ಲೆ ಬಿಲ್ಲೆಯಾಗಿ ಕೊಯ್ದು ಒಣಗಿಸಿದರೆ ಬಿಟ್ಟುಕೊಳ್ಳುತ್ತದೆ. ಅದಕ್ಕೇ ಸಿಪ್ಪೆಯನ್ನು ದೊಡ್ಡ ತುಂಡಾಗಿ ಬಿಡಿಸಿ, ಹಸಿ ಇರುವಾಗಲೇ ನಕ್ಷತ್ರದ ಆಕಾರಕ್ಕೆ ಕತ್ತರಿಸಿ, ದಾರಕ್ಕೆ ತೂತು ಮಾಡಿ. ಎರಡು ಕಾಗದದ ಮಧ್ಯೆ ಇಟ್ಟು ಮೇಲೆ ಭಾರ ಹೇರಿ, ಮರುದಿನ ಬಿಸಿಲಿಗೆ ಹಾಕಿ. ಭಾರ ಇಡದಿದ್ದರೆ ಸುರುಳಿ ಸುತ್ತಿಕೊಳ್ಳುತ್ತದೆ. ಏಲಕ್ಕಿ, ಚಕ್ಕೆ ಜತೆಗೆ ಪೋಣಿಸಿದರೆ ಕೋಣೆ ತುಂಬಾ ವಾಸನೆ.

ಗೋದಲಿ

ಇದಕ್ಕೆ ಮಾತ್ರ ಸಮಯ ಕೊಡಿ. ಅಸ್ಸಿಸಿಯ ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೋ ಎಂಬ ಊರಿನಲ್ಲಿ ಹುಲ್ಲು, ಎತ್ತು, ಕತ್ತೆ ಇಟ್ಟು ಬೆತ್ಲೆಹೇಮಿನ ಕೊಟ್ಟಿಗೆಯನ್ನು ಜನರಿಗೆ ತೋರಿಸಿದರು. ಕೂಸು ಯೇಸು ಪಟ್ಟ ಕಷ್ಟ ಕಣ್ಣಾರೆ ಕಾಣಲಿ ಅಂತ ಮಾಡಿದ್ದು. ನಮ್ಮ ಕೊಟ್ಟಿಗೆಯ ಹುಲ್ಲೇ ಅದಕ್ಕೆ ಸಾಕು.

ಹಸಿರು ಗದ್ದೆಗೆ ರಾಗಿ ಅಥವಾ ಭತ್ತ ಬಿತ್ತಿ. ರಾಗಿಯನ್ನು ಒಂದು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಮೊಳಕೆ ಕಣ್ಣು ಬಿಟ್ಟ ಮೇಲೆ ಅಗಲ ತಟ್ಟೆಯಲ್ಲಿ ತೆಳ್ಳಗೆ ಮಣ್ಣು ಹರಡಿ ಒತ್ತೊತ್ತಾಗಿ ಉದುರಿಸಿ, ಕೈಯಿಂದ ನೀರು ಚಿಮುಕಿಸಿ. ಬೇರೆ ಕಡೆ ಹತ್ತು ದಿನ ಸಾಕಾಗಬಹುದು. ಇಲ್ಲಿ ಡಿಸೆಂಬರ್ ರಾತ್ರಿಯ ಚಳಿಗೆ ಮೊಳಕೆ ನಿಧಾನ, ಅದಕ್ಕೇ 10ನೇ ತಾರೀಕಿನ ಹೊತ್ತಿಗೆ ನೆನೆಹಾಕಿ. ರಾತ್ರಿ ತಟ್ಟೆಯನ್ನು ಅಡುಗೆಮನೆಯ ಒಲೆಯ ಪಕ್ಕ ಇಡಿ, ಬೆಳಿಗ್ಗೆ ಬಿಸಿಲಿಗೆ ತನ್ನಿ. ಮಕ್ಕಳಿಗೆ ಕೊಟ್ಟರೆ ಅವರೇ ನೋಡಿಕೊಳ್ಳುತ್ತಾರೆ.

ಪಾಚಿಗೆ ಮರ ಕೆರೆಯಬೇಡಿ. ಹೆಂಚಿನ ಮೇಲೆ, ಕಾಂಪೌಂಡ್ ಗೋಡೆ ಮೇಲೆ ಮಳೆಗಾಲದ ಪಾಚಿ ಒಣಗಿ ಕಂದಾಗಿ ಕೂತಿರುತ್ತದೆ, ಹೇಗೂ ತೆಗೆಯಬೇಕಾದದ್ದೇ. ಚಪ್ಪಟೆ ಸಟ್ಟುಗದಿಂದ ಹಾಳೆ ಹಾಳೆಯಾಗಿ ಎಬ್ಬಿಸಿ, ನೀರಿನಲ್ಲಿ ಮುಳುಗಿಸಿ. ಸ್ವಲ್ಪ ಹೊತ್ತಿನಲ್ಲೇ ಹಸಿರು ಮರಳಿ ಬರುತ್ತದೆ, ನೋಡೋಕೆ ಖುಷಿ ಆಗುತ್ತದೆ.

ಹಳೇ ಬೊಂಬೆಗಳು ಹೆಚ್ಚಾಗಿ ಪ್ಲಾಸ್ಟರ್‌ನವು. ಒದ್ದೆ ಪಾಚಿಯ ಮೇಲೆ ನೇರ ಇಟ್ಟರೆ ಬುಡ ನೆನೆದು ಬಣ್ಣ ಏಳುತ್ತದೆ. ಅಡಿಕೆ ಹಾಳೆಯನ್ನು ಬೊಂಬೆಯ ಬುಡದಷ್ಟು ಕತ್ತರಿಸಿ ಕೆಳಗಿಡಿ, ಸುತ್ತ ಪಾಚಿ ಸರಿಸಿ. ಧೂಳನ್ನು ಒಣ ಬ್ರಶ್‌ನಿಂದ ತೆಗೆಯಿರಿ, ನೀರು ಬೇಡ. ಬಣ್ಣ ಮಾಸಿದೆ ಅಂತ ಅಂಗಡಿ ಪೇಂಟ್ ಬಳಿಯಬೇಡಿ. ಕಿವಿ ಮುರಿದ ಕುರಿಯನ್ನು ಎಸೆಯಬೇಡಿ, ಆ ಬದಿಯನ್ನು ಪಾಚಿಯ ಕಡೆಗೆ ತಿರುಗಿಸಿ. ಬಾಲ ಯೇಸುವನ್ನು 24ರ ರಾತ್ರಿ ಪೂಜೆ ಮುಗಿಸಿ ಬಂದ ಮೇಲೆ ಮನೆಯ ಚಿಕ್ಕ ಮಗು ಇಡಲಿ. ಬಾಲ ಯೇಸುವನ್ನು ನೋಡಲು ದೂರದಿಂದ ಬಂದ ಮೂರು ರಾಯರ ಬೊಂಬೆಗಳನ್ನು ಮೊದಲೇ ಗೋದಲಿಯಲ್ಲಿ ಇಡದೆ ದೂರದ ಕಿಟಕಿಯಲ್ಲಿಟ್ಟು ದಿನ ದಿನ ಹತ್ತಿರ ತಂದರೆ ಮಕ್ಕಳು ಜನವರಿ 6ರ ಮೂರು ರಾಯರ ಹಬ್ಬದವರೆಗೂ ಮರೆಯೋದಿಲ್ಲ.

ದೀಪಕ್ಕೆ ಎಲ್‌ಇಡಿ ಸರವೇ ಇರಲಿ. ಕರೆಂಟು ಹೋದರೆ ಮೇಣದಬತ್ತಿ ಹಚ್ಚಬೇಕಾಗುತ್ತದೆ, ಅದಕ್ಕೆ ಸೇರು ಪಾವುಗಳಲ್ಲಿ ಮರಳು ತುಂಬಿ ನಡುವೆ ನಿಲ್ಲಿಸಿ. ನೋಡೋಕೂ ಚೆಂದ, ಉರುಳೋದೂ ಇಲ್ಲ. ಸೊಪ್ಪು, ಹುಲ್ಲು, ಬಟ್ಟೆಯಿಂದ ಕೈಯಳತೆ ದೂರ ಇರಲಿ, ಕೋಣೆಯಲ್ಲಿ ಯಾರೂ ಇಲ್ಲದಾಗ ಆರಿಸಿ.

ಮೂರು ರಾಯರ ಹಬ್ಬ ಕಳೆದ ಮೇಲೆ ಸೊಪ್ಪು, ಪಾಚಿ, ರಾಗಿ ಪೈರು ಎಲ್ಲಾ ಗೊಬ್ಬರದ ಗುಂಡಿಗೆ. ಲಂಟಾನ ಬಳೆ ಮುಂದಿನ ವರ್ಷಕ್ಕೆ. ಹಳೇ ಸಾಮಾನನ್ನು ಕೂಡಲೇ ಟ್ರಂಕಿಗೆ ಹಾಕಬೇಡಿ, ಒಂದು ದಿನ ನೆರಳಿನಲ್ಲಿ ಗಾಳಿಗಿಟ್ಟು ಥಂಡಿ ಹೋಗಲಿ. ತೊಳೆದು ಒಣಗಿಸಿದ ಹಳೇ ಕಾಟನ್ ಸೀರೆಯಲ್ಲಿ ಒಂದೊಂದನ್ನೂ ಬೇರೆ ಬೇರೆ ಸುತ್ತಿ, ಪ್ಲಾಸ್ಟಿಕ್ ಕವರ್ ಬೇಡ, ಒಳಗೆ ನೀರು ಕೂರುತ್ತದೆ. ನುಸಿಗುಳಿಗೆ ಹಾಕಿದರೆ ಬಟ್ಟೆಗೆ ನೇರ ತಾಗದಂತೆ ಕಾಗದದಲ್ಲಿ ಕಟ್ಟಿ ಹಾಕಿ. ಪ್ರತಿಯೊಂದರ ಜತೆ ಒಂದು ಚೀಟಿ: ಯಾರದ್ದು, ಯಾವ ಊರಿನಿಂದ ಬಂತು, ಈ ವರ್ಷ ಯಾರು ಆರಿಸಿದರು. ಪೆನ್ಸಿಲ್‌ನಲ್ಲೇ ಬರೆಯಿರಿ, ಜೂನ್ ತಿಂಗಳ ಥಂಡಿಗೆ ಶಾಯಿ ಹರಡುತ್ತದೆ.