ಗೋಡೌನಿನ ಕ್ಯಾಮೆರಾ ಮನೆ ಕಂಪ್ಯೂಟರಲ್ಲಿ ಕಾಣ್ಬೇಕಾದ್ರೆ ರೌಟಿಂಗ್ ಹೀಗೆ ಮಾಡಿ

ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ಫೈಬರ್ ಬರುದು ಮನೆಗೆ, ಅಲ್ಲಿಂದ ಕೇಬಲ್ ಎಳೆದು ಅಡಿಕೆ ಗೋಡೌನಿಗೆ ಇನ್ನೊಂದು ರೌಟರ್ ಇಟ್ರೆ ಅಲ್ಲಿ ನೆಟ್ ಏನೋ ಸಿಗ್ತದೆ, ಆದ್ರೆ ಮನೆ ಕಂಪ್ಯೂಟರಿಂದ ಗೋಡೌನಿನ ಕ್ಯಾಮೆರಾ ಓಪನ್ ಆಗುದಿಲ್ಲ.

ಮೊದ್ಲು ನೋಡ್ಬೇಕಾದ್ದು ಎರಡೂ ಕಡೆ ನೆಟ್‌ವರ್ಕ್ ಬೇರೆ ಉಂಟಾ ಅಂತ, ಎರಡೂ ಕಡೆ ಐಪಿ (ನೆಟ್‌ವರ್ಕಲ್ಲಿ ಸಾಧನದ ನಂಬರ್) 192.168.1 ಅಂತಲೇ ಶುರುವಾದ್ರೆ ಈ ರೌಟಿಂಗ್ ಎಂತ ಮಾಡಿದ್ರೂ ಪ್ರಯೋಜನ ಇಲ್ಲ. ಗೋಡೌನಿಂದು 192.168.2 ಮಾಡಿ, ಅದರ ವ್ಯಾನ್ ಐಪಿ (ಮನೆಯಿಂದ ಬರುವ ಕೇಬಲ್ ಸಿಕ್ಕಿಸುವ ಪೋರ್ಟಿಂದು) 192.168.1.2 ಅಂತ ಫಿಕ್ಸ್ ಮಾಡಿ, ಗೇಟ್‌ವೇ (ಹೊರಗೆ ಹೋಗುವ ದಾರಿ) ಮನೆ ರೌಟರ್, 192.168.1.1. ಮತ್ತೆ ಮನೆ ರೌಟರಲ್ಲಿ ಸ್ಟ್ಯಾಟಿಕ್ ರೌಟ್ (ಯಾವ ನೆಟ್‌ವರ್ಕಿಗೆ ಯಾವ ದಾರಿ ಅಂತ ನಾವೇ ಬರೆದು ಇಡುದು) ಸೇರಿಸಿ: ಡೆಸ್ಟಿನೇಶನ್ 192.168.2.0, ಮಾಸ್ಕ್ 255.255.255.0, ಗೇಟ್‌ವೇ 192.168.1.2. ಗೋಡೌನ್ ರೌಟರಲ್ಲಿ ನ್ಯಾಟ್ (ಒಳಗಿನ ಐಪಿಗಳನ್ನು ರೌಟರಿನ ಒಂದೇ ಐಪಿ ಹಿಂದೆ ಅಡಗಿಸುದು) ಆಫ್, ಫೈರ್‌ವಾಲಲ್ಲಿ ಮನೆ ನೆಟ್‌ವರ್ಕಿಗೆ ಅಲೋ.

ಆಗ್ಲಿಲ್ವಾ? ಮನೆಯಿಂದ ಕ್ಯಾಮೆರಾದ ಐಪಿಗೆ ಟ್ರೇಸ್‌ರೌಟ್ (ಪ್ಯಾಕೆಟ್, ಅಂದ್ರೆ ಡೇಟಾದ ತುಂಡು, ಯಾವ ರೌಟರ್ ದಾಟಿ ಹೋಗ್ತದೆ ಅಂತ ತೋರಿಸುವ ಕಮಾಂಡ್) ಹೊಡೀರಿ. ಎರಡನೇ ಸಾಲಲ್ಲಿ 192.168.1.2 ಬರ್ಬೇಕು, ಅದರ ಬದ್ಲು ನೆಟ್ ಕಂಪನಿಯ ಐಪಿ ಕಂಡ್ರೆ ಸ್ಟ್ಯಾಟಿಕ್ ರೌಟ್ ಸರಿ ಕೂತಿಲ್ಲ. 192.168.1.2 ಬಂದು ಆಮೇಲೆ ಬರೀ ನಕ್ಷತ್ರ (*, ಅಂದ್ರೆ ಉತ್ತರ ಇಲ್ಲ) ಆದ್ರೆ ಒಂದೋ ಫೈರ್‌ವಾಲ್, ಇಲ್ಲಾಂದ್ರೆ ಕ್ಯಾಮೆರಾದಲ್ಲಿ ಗೇಟ್‌ವೇ ಖಾಲಿ. ಹೆಚ್ಚಿನವರು ಸಿಕ್ಕಿ ಬೀಳುದು ಇಲ್ಲೇ, ಪ್ಯಾಕೆಟ್ ಹೋಗಿ ಮುಟ್ಟಿರ್ತದೆ, ವಾಪಸ್ ಬರ್ಲಿಕ್ಕೆ ದಾರಿ ಇರುದಿಲ್ಲ. ಗೋಡೌನ್ ರೌಟರಿನ ಲ್ಯಾನ್ (ಒಳಗಿನ ಕಡೆಯ) ಐಪಿ 192.168.2.1 ಆದ್ರೆ ಕ್ಯಾಮೆರಾದ ಗೇಟ್‌ವೇಯೂ ಅದೇ.

ನ್ಯಾಟ್ ಆಫ್ ಮಾಡಿದ ಕೂಡ್ಲೆ ಗೋಡೌನಲ್ಲಿ ನೆಟ್ಟೇ ಹೋಯ್ತಾ, ಹಾಗಾದ್ರೆ ಮನೆ ರೌಟರ್ ತನ್ನ ನೆಟ್‌ವರ್ಕಿಗೆ ಮಾತ್ರ ನ್ಯಾಟ್ ಮಾಡ್ತಾ ಉಂಟು, ಕನೆಕ್ಷನ್ ಜೊತೆ ಕೊಡುವ ಕೆಲವು ರೌಟರ್‌ಗಳ ಅವಸ್ಥೆ ಅದೇ. ಆಗ ಗೋಡೌನಿಂದನ್ನು ಆಕ್ಸೆಸ್ ಪಾಯಿಂಟ್ ಮೋಡಿಗೆ (ರೌಟಿಂಗ್ ಬಿಟ್ಟು ಮನೆ ನೆಟ್‌ವರ್ಕನ್ನೇ ಮುಂದೆ ಕೊಡುದು) ಹಾಕಿ ಒಂದೇ ನೆಟ್‌ವರ್ಕ್ ಮಾಡಿಬಿಡಿ, ಎರಡು ಕ್ಯಾಮೆರಾಕ್ಕೆ ಅಷ್ಟು ಧಾರಾಳ ಸಾಕು ಮಾರಾಯ್ರೆ.