ಅರ್ಧಕ್ಕೆ ನಿಂತ ಕತೆಗೆ ಮರಳುವವರಿಗೆ

ಬಾಣಂತನವೋ, ಮನೆ ಕಟ್ಟಿಸುವ ಗಡಿಬಿಡಿಯೋ, ತಿಂಗಳುಗಟ್ಟಲೆ ಬರವಣಿಗೆ ಬಿಟ್ಟಿದ್ದರೆ ಹಳೆಯ ಕತೆಯನ್ನು ಮೊದಲ ಸಾಲಿನಿಂದ ತಿದ್ದಲು ಕೂರಬೇಡಿ. ಮೊದಲ ಪುಟವೇ ಮತ್ತೆ ಮತ್ತೆ ಬದಲಾಗಿ ಕತೆ ಅಲ್ಲೇ ಉಳಿಯುತ್ತದೆ. ಪೆನ್ನು ಮುಟ್ಟದೆ ಒಮ್ಮೆ ಪೂರ್ತಿ ಓದಿ.

ಆಮೇಲೆ ಬೇರೆ ಹಾಳೆಯಲ್ಲಿ ಪಾತ್ರಗಳ ಹೆಸರು, ವಯಸ್ಸು, ಊರು, ಯಾರು ಯಾರನ್ನು ಏನೆಂದು ಕರೆಯುತ್ತಾರೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಇದನ್ನು ಬಿಡಲೇಬೇಡಿ. ಬಿಡುವಿನ ನಂತರ ಮೊದಲು ಕೆಡುವುದು ಸಂಭಾಷಣೆ: ಗಂಡನನ್ನು ‘ನೀವು’ ಅನ್ನುತ್ತಿದ್ದವಳು ‘ನೀನು’ ಅನ್ನುತ್ತಾಳೆ, ‘ಹೋಗೂಣು’ ಅನ್ನುವ ಧಾರವಾಡದ ಅಜ್ಜಿ ‘ಹೋಗೋಣ’ ಅಂದುಬಿಡುತ್ತಾಳೆ.

ಕೊನೆಯ ಪುಟವನ್ನು ಕೈಯಲ್ಲಿ ನಕಲು ಮಾಡಿ, ವಾಕ್ಯದ ಲಯ ಹಿಡಿತಕ್ಕೆ ಬರುತ್ತದೆ. ಅದೇ ಓಘದಲ್ಲಿ ಮುಂದುವರಿಸಿ. ದಿನಕ್ಕೆ 20 ನಿಮಿಷ ಸಾಕು. ಏಳುವಾಗ ದೃಶ್ಯ ಮುಗಿಸದೆ, ಮುಂದಿನ ಮಾತು ಯಾರದೆಂದು ಗುರುತು ಹಾಕಿಡಿ.