ಗ್ರೈಂಡರ್ ನಿಂತಾಗ ಲೋಕ ಮುಗಿಯಿತು

ನಮ್ಮ ಮಾಸ್ ಮೀಡಿಯಾ ಕೊನೆಯ ವರ್ಷದ ಪ್ರಾಜೆಕ್ಟ್ ಹೀಗಿತ್ತು. ಲೋಕ ಮುಗಿಯುವ ಕಥೆಯೊಂದರ ಮೊದಲ ಮೂರು ನಿಮಿಷ ಮಾತ್ರ ತೆಗೆಯಬೇಕು. ಜೊತೆಗೆ ಇಂಥ ಹತ್ತು ಸಿನಿಮಾಗಳ ಓಪನಿಂಗ್ ಬಿಡಿಸಿ ನೋಡಿ, ಏನು ಕಲಿತಿರಿ ಅಂತ ಬರೆದು ಕೊಡಬೇಕು. ಒಟ್ಟು ಹದಿನಾಲ್ಕು ತಂಡ. ಹದಿಮೂರು ತಂಡದವರು ಬರೆಯುವ ಭಾಗವನ್ನು ಕೊನೆಯ ರಾತ್ರಿಗೆ ಇಟ್ಟುಕೊಂಡರು. ನಾನು ಅದರಿಂದಲೇ ಶುರು ಮಾಡಿದೆ. ಆಮೇಲೆ ಎರಡು ತಿಂಗಳು ಕಾಲೇಜಿನಲ್ಲಿ ನನ್ನ ಹೆಸರು 'ಅಕೌಂಟೆಂಟ್'.

ಮುಂಬಯಿಯ ಮಾಟುಂಗದಲ್ಲಿ ನನ್ನ ಸೋದರಮಾವನ ಹೋಟೆಲ್ ಇದೆ. ಡೊಂಬಿವ್ಲಿಯಿಂದ ದಿನಾ ಓಡಾಡಿ ಸಾಕಾಗಿ, ಪರೀಕ್ಷೆ ಹತ್ತಿರ ಬಂದಾಗ ಅಲ್ಲೇ ಮಾಳಾದ ಮೇಲೆ, ಅಂದರೆ ಅಟ್ಟದಲ್ಲಿ, ಹೋಟೆಲ್ ಹುಡುಗರ ಜೊತೆ ಮಲಗುತ್ತೇನೆ. ಹಳೆಯ ಬಿಲ್ ಪುಸ್ತಕಗಳ ಹಿಂಬದಿಯಲ್ಲಿ ಶಾಟ್ ಲೆಕ್ಕ ಬರೆಯುತ್ತಾ ಕೂತಿದ್ದನ್ನು ನೋಡಿ ಮಾವ ಹೇಳಿದ್ದು ಇಷ್ಟೇ: "ಎಂತ ಮಾರಾಯ, ಲೆಕ್ಕ ಬರೆಯುದಾದ್ರೆ ಗಲ್ಲಾದಲ್ಲೇ ಕೂತ್ಕೊಳ್ಬಹುದಿತ್ತು. ಕಾಲೇಜು ಫೀಸು ಯಾಕೆ?"

ಮಾವ ಹೇಳಿದ್ದರಲ್ಲಿ ಅರ್ಧ ಸತ್ಯ ಇತ್ತು. ಮೊದಲ ಮೂರು ವಾರದ ಲೆಕ್ಕ ಪೂರ್ತಿ ದಂಡ.

ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಹನ್ನೊಂದು ಸಿನಿಮಾ ಇಟ್ಟುಕೊಂಡು, ವಿಎಲ್‌ಸಿ ಅನ್ನುವ ವಿಡಿಯೋ ಪ್ಲೇಯರ್‌ನಲ್ಲಿ 'ಇ' ಕೀ ಒತ್ತುತ್ತಾ ಫ್ರೇಮ್ ಫ್ರೇಮ್ ಸರಿಸಿ, ಕಟ್ (ಒಂದು ಶಾಟ್ ಮುಗಿದು ಇನ್ನೊಂದು ಶುರುವಾಗುವ ಜಾಗ) ಎಲ್ಲಿ ಬಂತು, ಶಾಟ್ ಎಷ್ಟು ಸೆಕೆಂಡ್ ಅಂತ ಬರೆಯೋದು. ಕೈ ನೋವು ಬಂದಾಗ ಕಟ್ ಹುಡುಕುವ ಸಾಫ್ಟ್‌ವೇರ್ ಹಾಕಿದೆ. ಅದು ಬೆಳಕು ಮಿನುಗಿದರೆ ಸಾಕು, ಕಟ್ ಅನ್ನುತ್ತದೆ. ಬಾಂಬ್ ಸಿಡಿದರೆ ಮೂರು ಕಟ್, ಟ್ಯೂಬ್‌ಲೈಟ್ ಮಿಣುಕಿದರೆ ನಾಲ್ಕು. ಕೊನೆಗೆ ಎಲ್ಲವನ್ನೂ ಮತ್ತೆ ಕೈಯಲ್ಲೇ ತಿದ್ದಿ ಸರಾಸರಿ ತೆಗೆದರೆ ಸಿಕ್ಕಿದ್ದು ಏನು? ಪ್ರಳಯದ ಸಿನಿಮಾಕ್ಕೂ ಸಾಧಾರಣ ಥ್ರಿಲ್ಲರ್‌ಗೂ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಒಂದರಲ್ಲಿ ನಾಲ್ಕು ಚಿಲ್ಲರೆ ಸೆಕೆಂಡ್, ಇನ್ನೊಂದರಲ್ಲಿ ಐದು. ಇಷ್ಟಕ್ಕೆ ಮೂರು ವಾರ.

ಅದೇ ಹೊತ್ತಿಗೆ ಇನ್ನೊಂದು ಹುಚ್ಚು ಹಿಡಿಯಿತು. ಖಾಲಿ ರಸ್ತೆ. '28 ಡೇಸ್ ಲೇಟರ್' ನೋಡಿದ ಪ್ರತಿ ಹುಡುಗನಿಗೂ ಒಮ್ಮೆ ಹಿಡಿಯುವ ಹುಚ್ಚು ಇದು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸೇತುವೆ ಮೇಲೆ ಆಸ್ಪತ್ರೆ ಬಟ್ಟೆಯ ಒಬ್ಬನೇ ಮನುಷ್ಯ, ಸುತ್ತ ಯಾರೂ ಇಲ್ಲ. ಸಿನಿಮಾದವರು ಬೇಸಿಗೆಯ ಬೆಳಗಿನ ಜಾವ ಟ್ರಾಫಿಕ್ಕನ್ನು ಸ್ವಲ್ಪ ಸ್ವಲ್ಪ ಹೊತ್ತು ತಡೆದು, ಕೆನಾನ್ ಎಕ್ಸ್‌ಎಲ್1 ಅನ್ನುವ ಚಿಕ್ಕ ಡಿಜಿಟಲ್ ಕ್ಯಾಮೆರಾಗಳಲ್ಲಿ ತೆಗೆದದ್ದು. 2002ರ ಸಿನಿಮಾ. ನಮ್ಮ ಫೋನು ಅದಕ್ಕಿಂತ ಎಷ್ಟೋ ಮೇಲು. ಹಾಗಾದರೆ ನಮ್ಮ ಮಾಟುಂಗದ ಕಿಂಗ್ಸ್ ಸರ್ಕಲ್ ಯಾಕಾಗಬಾರದು?

ಕ್ಯಾಮೆರಾ ಬಾಡಿ ಮತ್ತು ಲೆನ್ಸ್ ಬಾಡಿಗೆ ದಿನಕ್ಕೆ 2,500. ಡೆಪಾಸಿಟ್ 10,000, ಅದು ಅಮ್ಮನ ಹತ್ತಿರ ಕಾಡಿ ತಂದದ್ದು. ಎರಡು ರಾತ್ರಿ. ಗೆಳೆಯರ ಟ್ಯಾಕ್ಸಿ, ಚಾ, ವಡಾಪಾವ್ ಸೇರಿ ಹತ್ತಿರ ಹತ್ತಿರ 6,000 ಹೋಯಿತು. ಬೆಳಗಿನ ಜಾವ ನಾಲ್ಕಕ್ಕೆ ನಿಂತರೆ ಹಾಲಿನ ಟೆಂಪೋ. ನಾಲ್ಕೂಕಾಲಿಗೆ ಪೇಪರ್ ವಿಂಗಡಿಸುವವರು ಫುಟ್‌ಪಾತ್ ತುಂಬಾ ಹರಡಿಕೊಂಡರು. ಆಮೇಲೆ ಹೂವಿನವರು, ಕಸದ ಲಾರಿ, ಅದರ ಹಿಂದೆ ಊರಿನ ನಾಯಿಗಳೆಲ್ಲ. ಒಂದು ಸಲ ಹನ್ನೊಂದು ಸೆಕೆಂಡ್ ಖಾಲಿ ಸಿಕ್ಕಿತು. ನಮ್ಮ ಹೀರೋ ನಡೆದು ಬರುತ್ತಿದ್ದ. ಹಿಂದಿನಿಂದ ಸೈಕಲ್‌ನಲ್ಲಿ ಬಂದ ಚಾಯವಾಲ, ಪಾಪ, ಅವನಿಗೆ ಏನೋ ಆಗಿದೆ ಅಂತ ನಿಲ್ಲಿಸಿ ಒಂದು ಕಟಿಂಗ್ ಚಾ, ಅಂದರೆ ಅರ್ಧ ಲೋಟ, ಹಿಡಿಸಿದ. ಮುಂಬಯಿಯಲ್ಲಿ ಲೋಕ ಮುಗಿದರೂ ಆ ಹೊತ್ತಿಗೆ ಚಾ ಸಿಗುತ್ತದೆ. 2020ರ ಲಾಕ್‌ಡೌನಿನ ಖಾಲಿ ಮರೀನ್ ಡ್ರೈವ್ ತುಣುಕು ಹಾಕು ಅಂದರು ಗೆಳೆಯರು. ಐದು ತಂಡ ಹಾಕಿಯೂ ಹಾಕಿದವು. ಐದನೆಯದು ಬರುವಾಗ ನಮ್ಮ ಮೇಡಂ ಫೋನ್ ನೋಡುತ್ತಿದ್ದರು.

ಸೋತು ಬಂದು ಆ ಸಿನಿಮಾವನ್ನು ಮತ್ತೆ ಶುರುವಿನಿಂದ ಹಾಕಿದೆ. ಆಗ ಕಪಾಳಕ್ಕೆ ಹೊಡೆದ ಹಾಗಾಯಿತು. ಆ ಸೇತುವೆ ಓಪನಿಂಗ್ ಅಲ್ಲವೇ ಅಲ್ಲ! ಸಿನಿಮಾ ಶುರುವಾಗುವುದು ಗಲಭೆಯ ಟಿವಿ ದೃಶ್ಯಗಳಿಂದ. ಅದನ್ನು ನೋಡುತ್ತಾ ಇರುವುದು ಕಟ್ಟಿಹಾಕಿದ ಒಂದು ಚಿಂಪಾಂಜಿ. ನಮಗೆಲ್ಲ ನೆನಪಿರುವುದು ಖಾಲಿ ರಸ್ತೆ. ಹೊಟ್ಟೆಯಲ್ಲಿ ಭಯ ಹುಟ್ಟಿಸಿದ್ದು ಮಾತ್ರ ಅದಕ್ಕೂ ಮುಂಚಿನದು.

ಅವತ್ತು ಶಾಟಿನ ಉದ್ದ ಬರೆಯುವುದನ್ನು ಬಿಟ್ಟೆ. ಬಿಲ್ ಪುಸ್ತಕದಲ್ಲಿ ಬೇರೆ ಗೆರೆ ಎಳೆದೆ. ಒಂದು ಕಡೆ ಕಣ್ಣಿಗೆ ಕಾಣುವುದು, ಒಂದು ಕಡೆ ಕಿವಿಗೆ ಕೇಳುವುದು. ಮೂರನೆಯ ಕಡೆ, ಆ ಕ್ಷಣ ಇದು ಯಾರಿಗೆ ಗೊತ್ತು: ನಮಗಾ, ಪಾತ್ರಕ್ಕಾ, ಇಬ್ಬರಿಗೂ ಇಲ್ವಾ? ಈ ಮೂರನೆಯ ಕಾಲಂ ತುಂಬುತ್ತಾ ಹೋದಾಗ ಮೈ ಜುಂ ಅಂದಿತು.

1968ರ 'ನೈಟ್ ಆಫ್ ದಿ ಲಿವಿಂಗ್ ಡೆಡ್' ತಗೊಳ್ಳಿ. ಅಣ್ಣ ತಂಗಿ ಸ್ಮಶಾನಕ್ಕೆ ಕಾರಿನಲ್ಲಿ ಬರುತ್ತಾರೆ. ಇಷ್ಟು ದೂರ ಯಾಕೆ ಬರಬೇಕಿತ್ತು ಅಂತ ಅಣ್ಣನ ಗೊಣಗಾಟ. ಸತ್ತಿದ್ದ ಕಾರ್ ರೇಡಿಯೋ ತಟ್ಟನೆ ಬರುತ್ತದೆ, ತಾಂತ್ರಿಕ ಅಡಚಣೆ ಇತ್ತು ಅನ್ನುತ್ತದೆ. ಅವನು ಅದನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. 2004ರ 'ಡಾನ್ ಆಫ್ ದಿ ಡೆಡ್'ನಲ್ಲಿ ನರ್ಸ್ ಡ್ಯೂಟಿ ಮುಗಿಸಿ ಮನೆಗೆ ಹೋಗುವಾಗ ರೇಡಿಯೋದಲ್ಲಿ ನ್ಯೂಸ್ ಬಂದರೆ ಹಾಡಿಗೆ ತಿರುಗಿಸುತ್ತಾಳೆ. ಮನೆಯ ಟಿವಿಯಲ್ಲಿ ತುರ್ತು ಸುದ್ದಿ ಬರುವಾಗ ಗಂಡ ಹೆಂಡತಿ ಬಚ್ಚಲಲ್ಲಿ. 'ಚಿಲ್ಡ್ರನ್ ಆಫ್ ಮೆನ್'ನಲ್ಲಿ ಕೆಫೆ ತುಂಬಾ ಜನ ಟಿವಿ ನೋಡುತ್ತಾ ಕಲ್ಲಾಗಿ ನಿಂತಿದ್ದಾರೆ, ಲೋಕದ ಅತಿ ಕಿರಿಯ ಮನುಷ್ಯ ಸತ್ತ ಸುದ್ದಿ. ನಮ್ಮ ನಾಯಕ ಅವರ ನಡುವೆ ನುಗ್ಗಿ ಕಾಫಿ ತಗೊಂಡು ಹೊರಗೆ ಬರುತ್ತಾನೆ. ಕೆಲವೇ ಸೆಕೆಂಡಿಗೆ ಆ ಕೆಫೆಯೇ ಇರುವುದಿಲ್ಲ. ಇದರಲ್ಲಿ ಇನ್ನೊಂದು ಮಜಾ ಇದೆ. ಚಿತ್ರ ಬರುವ ಮೊದಲೇ ಕಪ್ಪು ಪರದೆಯ ಮೇಲೆ ನ್ಯೂಸ್ ಓದುವ ದನಿ ಶುರುವಾಗಿರುತ್ತದೆ. ಕಿವಿಯ ಕಾಲಂ ತುಂಬುವಾಗ ಕಣ್ಣಿನ ಕಾಲಂ ಖಾಲಿ.

ಎಲ್ಲ ಕಡೆ ಒಂದೇ ಕಥೆ. ದಿನದ ಕೆಲಸ ನಡೆಯುತ್ತಿದೆ. ಏನೋ ಒಂದು ಚಿಕ್ಕದು ಕೆಡುತ್ತದೆ. ಯಾರೂ ತಲೆ ಎತ್ತಿ ನೋಡುವುದಿಲ್ಲ. ಕೆಟ್ಟದ್ದಕ್ಕಿಂತ ಆ ನೋಡದೇ ಇರುವುದರಲ್ಲೇ ಮಜಾ ಇರುವುದು. ನನ್ನ ಹನ್ನೊಂದರಲ್ಲಿ ಎಂಟಕ್ಕೆ ಇದು ಕೂತಿತು. ಕೂರದವುಗಳಲ್ಲಿ 'ಮೆಲಂಕೋಲಿಯಾ' ಒಂದು. ಅದು ವಾಗ್ನರ್ ಸಂಗೀತ ಹಾಕಿ, ಎಂಟು ನಿಮಿಷದ ಹತ್ತಿರ ಸ್ಲೋ ಮೋಷನ್‌ನಲ್ಲಿ, ಕೊನೆಯಲ್ಲಿ ಆಗುವುದನ್ನು ಮೊದಲೇ ತೋರಿಸಿಬಿಡುತ್ತದೆ. ಚೆನ್ನಾಗಿದೆ, ಆದರೆ ನಮ್ಮಂಥ ಬಡವರ ದಾರಿ ಅಲ್ಲ.

ಈಗ ಪರೀಕ್ಷೆ ಮಾಡಬೇಕಲ್ವಾ? ನನ್ನ ಕಿವಿ ಆಗಲೇ ಕೆಟ್ಟಿತ್ತು, ಎಲ್ಲ ಕಡೆ ಸುಳಿವೇ ಕೇಳುತ್ತಿತ್ತು. ಆಗ ಮಾಳಾದ ಹುಡುಗರು ನೆನಪಾದರು. ಎಲ್ಲ ಕುಂದಾಪುರ, ಬೈಂದೂರು ಕಡೆಯವರು. ಈ ಸಿನಿಮಾ ಯಾವುದನ್ನೂ ನೋಡಿದವರಲ್ಲ, ಇಂಗ್ಲಿಷ್ ಅಷ್ಟಕ್ಕಷ್ಟೇ. ರಾತ್ರಿ ಹನ್ನೊಂದೂವರೆಗೆ ಶಟರ್ ಎಳೆದ ಮೇಲೆ ಆರು ಜನರನ್ನು ಗೋಡೆಗೆ ಮುಖ ಮಾಡಿ ಕೂರಿಸಿದೆ. ಚಿತ್ರ ಇಲ್ಲ, ಬರೀ ಸದ್ದು. "ಏನೋ ಸರಿ ಇಲ್ಲ ಅನಿಸಿದಾಗ ಕೈ ಎತ್ತಿ" ಅಂದೆ. ಒಬ್ಬೊಬ್ಬನಿಗೆ ಮಸಾಲೆ ದೋಸೆ ಲಂಚ. ದೋಸೆ ಮಾಡಿದ್ದೂ ಅವರೇ, ಅದು ಬೇರೆ ಮಾತು.

ಹುಡುಗರು ಚೀರಾಟಕ್ಕೆ, ಗಾಜು ಒಡೆದದ್ದಕ್ಕೆ ಕೈ ಎತ್ತಿದರು. ನಿರೀಕ್ಷೆ ಮಾಡಿದ್ದೇ. ಆದರೆ ಅಡುಗೆಯ ಭಟ್ರು ಇದ್ದಾರೆ, ಅರವತ್ತು ದಾಟಿದವರು. ಅವರ ಕೈ ಬೇರೆ ಜಾಗದಲ್ಲಿ ಏಳುತ್ತಿತ್ತು. ಯಾವುದೋ ಸದ್ದು ನಿಂತಲ್ಲಿ. ಹಿನ್ನೆಲೆಯ ಗಾಳಿ ನಿಂತರೆ, ಹಕ್ಕಿ ನಿಂತರೆ, ಕೈ ಮೇಲೆ. ಚಿತ್ರದಲ್ಲಿ ಏನಾದರೂ ಕಾಣುವುದಕ್ಕೆ ಹತ್ತು ಹದಿನೈದು ಸೆಕೆಂಡ್ ಮೊದಲೇ! ಯಾಕೆ ಭಟ್ರೇ ಅಂದರೆ, "ಗ್ರೈಂಡರ್ ನಿಂತ್ರೆ ನಂಗೆ ನಿದ್ರೆಯಲ್ಲೂ ಎಚ್ಚರ ಆಗ್ತದೆ. ಓಡುವಾಗ ಯಾರು ಕೇಳ್ತಾರೆ ಅದನ್ನ?" ಅಂದರು.

ಗಲ್ಲಾದಲ್ಲಿ ದುಡ್ಡು ಎಣಿಸುತ್ತಿದ್ದ ಮಾವ ಅಲ್ಲಿಂದಲೇ ಬಾಯಿ ಹಾಕಿದರು. 2005ರ ಜುಲೈ 26ರ ಕಥೆ. ಅವತ್ತು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ಕೊಲಾಬಾದಲ್ಲಿ 73. ಒಂದೇ ಊರು! ದಕ್ಷಿಣದ ಆಫೀಸುಗಳಲ್ಲಿ ಕೂತವರಿಗೆ ಉತ್ತರದಲ್ಲಿ ಊರು ಮುಳುಗಿದ್ದು ಗೊತ್ತೇ ಆಗಲಿಲ್ಲ. "ನಮ್ಗೆ ನೀರು ನೋಡಿ ಗೊತ್ತಾದ್ದಲ್ಲ" ಅಂದರು ಮಾವ. "ಮಳೆಗಾಲದಲ್ಲಿ ಇಲ್ಲಿ ನೀರು ನಿಲ್ಲುದು ಹೊಸತಾ? ಚಾ ಕುಡಿದವರು ಏಳ್ಲೇ ಇಲ್ಲ. ಬಿಲ್ ಕೊಟ್ಟು ಕೂತೇ ಇದ್ರು. ಆಗ ಭಟ್ರು ಒಳಗಿಂದ ಬಂದು, ರೈಲಿನ ಸದ್ದೇ ಇಲ್ವಲ್ಲ ಅಂದ್ರು."

ನನ್ನ ಸ್ಕ್ರಿಪ್ಟ್ ಅಲ್ಲಿಗೆ ಮುಗಿಯಿತು. ಕಿಂಗ್ಸ್ ಸರ್ಕಲ್ ಬೇಡ, ಹೊಗೆ ಬೇಡ, ಹೆಣ ಬೇಡ. ಹೋಟೆಲ್ಲೇ ಸಾಕು, ಬಾಡಿಗೆಯೂ ಇಲ್ಲ.

ಒಂದು ಮಂಗಳವಾರ ಬೆಳಗ್ಗೆ ಐದರಿಂದ ಆರರವರೆಗೆ ಮಾವ ಜಾಗ ಬಿಟ್ಟುಕೊಟ್ಟರು. ಆರೂಕಾಲಿಗೆ ಗಿರಾಕಿ ಬರುತ್ತಾರೆ, ಅಷ್ಟರಲ್ಲಿ ಮುಗಿಸು ಅಂತ ಷರತ್ತು. ಚಿತ್ರ ನನ್ನ ಫೋನಿನಲ್ಲೇ. ಸೌಂಡ್ ರೆಕಾರ್ಡರ್ ಮಾತ್ರ ಬಾಡಿಗೆಗೆ ತಂದೆ, ದಿನಕ್ಕೆ 500. ಶಾಟ್ ಒಟ್ಟು ಒಂಬತ್ತು. ಸಪ್ಲಾಯರ್ ಹುಡುಗ ಸ್ಟೀಲ್ ಲೋಟಗಳನ್ನು ಮೇಜಿಗೆ ಇಡುತ್ತಾ ಬರುತ್ತಾನೆ. ಒಳಗೆ ಗ್ರೈಂಡರ್ ಗುರ್ ಅನ್ನುತ್ತಿದೆ, ಹೊರಗೆ ಸ್ಲೋ ಲೋಕಲ್ ರೈಲು ಹೋಗುತ್ತದೆ. ನಲವತ್ತನೆಯ ಸೆಕೆಂಡಿಗೆ ಗ್ರೈಂಡರ್ ನಿಲ್ಲುತ್ತದೆ. ಫ್ಯಾನ್ ತಿರುಗುತ್ತಲೇ ಇದೆ, ಅಂದರೆ ಕರೆಂಟ್ ಹೋಗಿಲ್ಲ. ಹುಡುಗ ಲೋಟ ಇಡುತ್ತಲೇ ಇರುತ್ತಾನೆ. ಆಮೇಲೆ ಬರಬೇಕಾದ ರೈಲು ಬರುವುದಿಲ್ಲ. ನಲ್ಲಿಯಲ್ಲಿ ನೀರಿನ ಬದಲು ಗಾಳಿ. ಕೊನೆಗೆ ಹುಡುಗ ಒಳಗೆ ತಿರುಗಿ "ಒಂದು ಮಸಾಲೆ!" ಅಂತ ಕೂಗುತ್ತಾನೆ. ಉತ್ತರ ಬರುವುದಿಲ್ಲ. ಇನ್ನೊಮ್ಮೆ ಕೂಗುತ್ತಾನೆ, ದನಿ ಸ್ವಲ್ಪ ಸಣ್ಣದು. ಕಟ್.

ಇಷ್ಟು ಹೇಳಿದಾಗ ತಂಡದಲ್ಲಿ ಇದ್ದ ಇಬ್ಬರಲ್ಲಿ ಒಬ್ಬ ಬಿಟ್ಟು ಹೋದ. "ಇದರಲ್ಲಿ ಪ್ರಳಯ ಎಲ್ಲಿದೆ?" ಅಂತ ಅವನ ಪ್ರಶ್ನೆ.

ಮೊದಲ ಟ್ರಯಲ್‌ನಲ್ಲಿ ಅವನೇ ಸರಿ ಅನಿಸಿತು. ಗ್ರೈಂಡರ್ ನಿಂತ ಮೇಲೆ ಸದ್ದಿನ ಟ್ರ್ಯಾಕ್ ಪೂರ್ತಿ ಸೊನ್ನೆ ಮಾಡಿದ್ದೆ. ನಿಜವಾದ ಮೌನ ಅಂತ ಜಂಬ. ಎಲ್ಲರೂ ಹಿಂದಕ್ಕೆ ತಿರುಗಿ ಪ್ರೊಜೆಕ್ಟರ್ ನೋಡಿದರು. ಆಪರೇಟರ್ ಎದ್ದು ಹೋಗಿ ಕೇಬಲ್ ಅಲ್ಲಾಡಿಸಿದ. ಮನುಷ್ಯ ಇರುವ ಕೋಣೆಯಲ್ಲಿ ಸೊನ್ನೆ ಸದ್ದು ಅಂತ ಇರುವುದೇ ಇಲ್ಲ. ಅದು ಭಯ ಅಲ್ಲ, ರಿಪೇರಿ.

ನಡುವೆ ಇನ್ನೂ ಎರಡು ಆಟ ಆಡಿದೆ. ಗ್ರೈಂಡರ್ ಸದ್ದನ್ನು ತಟ್ಟನೆ ನಿಲ್ಲಿಸುವ ಬದಲು, ಕರೆಂಟಿನ 50 ಹರ್ಟ್ಸ್ ಗುಂಯ್‌ನಿಂದ ಶುರು ಮಾಡಿ ನಲವತ್ತು ಸೆಕೆಂಡ್ ಉದ್ದಕ್ಕೂ ಕರಗಿಸಿ ನೋಡಿದೆ. ಯಾರಿಗೂ ಏನೂ ಗೊತ್ತಾಗಲಿಲ್ಲ, ಭಟ್ರಿಗೂ. ಸದ್ದು ನಿಂತದ್ದು ಗೊತ್ತಾಗಬೇಕು, ಯಾಕೆ ನಿಂತಿತು ಅಂತ ಗೊತ್ತಾಗಬಾರದು. ಇನ್ನೊಂದು ಆಟ, ಕ್ರಿಸ್ ಮಾರ್ಕರ್ 1962ರಲ್ಲಿ ಮಾಡಿದ 'ಲಾ ಜೆಟೇ' ನೋಡಿ ಹುಟ್ಟಿದ್ದು. ಮೂರನೆಯ ಮಹಾಯುದ್ಧ ಆಗಿಹೋದ ಕಥೆ, 28 ನಿಮಿಷ, ಹೆಚ್ಚುಕಡಿಮೆ ಪೂರ್ತಿ ಸ್ಟಿಲ್ ಫೋಟೋಗಳಲ್ಲೇ. ಚಲಿಸುವ ಶಾಟ್ ಒಂದೇ ಒಂದು: ಹೆಂಗಸೊಬ್ಬಳು ಕಣ್ಣು ತೆರೆಯುವುದು. ನಾನೂ ಹೋಟೆಲನ್ನು ಎಪ್ಪತ್ತು ಸ್ಟಿಲ್‌ಗಳಲ್ಲಿ ಜೋಡಿಸಿದೆ. ದೋಸೆ ಕಲ್ಲಿನ ಹಬೆ ಮಾತ್ರ ಚಲಿಸುವ ಹಾಗೆ. ನನಗೆ ಇವತ್ತಿಗೂ ಅದೇ ಇಷ್ಟ. ಆದರೆ ನೋಡಿದವರೆಲ್ಲ ಕೇಟರಿಂಗ್ ಜಾಹೀರಾತು ಅಂದರು. ಬಿಟ್ಟೆ.

ಕೊನೆಗೆ ಸೊನ್ನೆಯ ಜಾಗಕ್ಕೆ ಅದೇ ಹೋಟೆಲಿನ ಖಾಲಿ ಕೋಣೆಯ ಸದ್ದು ತುಂಬಿದೆ. ಇದು ಎಲ್ಲರಿಗೂ ಗೊತ್ತಿರುವ ಕೆಲಸ. ಅದರ ಕೆಳಗೆ ಇನ್ನೊಂದು ಸದ್ದು ಹಾಕಿದ್ದೇನೆ, ತುಂಬಾ ಸಣ್ಣದು. ಏನದು ಅಂತ ಕೇಳಬೇಡಿ, ಮುಂದಿನ ಫಿಲ್ಮಿಗೆ ಬೇಕು. ಮೇಜಿನ ಮೇಲಿನ ಲೋಟದ ನೀರು ನಡುಗುವುದನ್ನು ಹೇಗೆ ಮಾಡಿದೆ ಅಂತಲೂ ಹೇಳುವುದಿಲ್ಲ. ಫೋನ್ ವೈಬ್ರೇಷನ್ ಅಂದುಕೊಂಡವರು ಅಂದುಕೊಳ್ಳಲಿ.

ಸ್ಕ್ರೀನಿಂಗ್ ದಿನ ನಮ್ಮದು ಹನ್ನೆರಡನೆಯದು. ಅಷ್ಟರಲ್ಲಿ ಹಾಲಿನಲ್ಲಿ ಬೇಕಾದಷ್ಟು ಬೂದಿ ಹಾರಿತ್ತು, ಸೈರನ್ ಕೂಗಿತ್ತು. ನಾನು ಪರದೆ ನೋಡಲಿಲ್ಲ, ಮುಖಗಳನ್ನು ನೋಡಿದೆ. ಗ್ರೈಂಡರ್ ನಿಂತಾಗ ಯಾರೂ ಅಲ್ಲಾಡಲಿಲ್ಲ, ಆದರೆ ಪಾಪ್‌ಕಾರ್ನ್ ಪೊಟ್ಟಣದ ಪರಪರ ನಿಂತಿತು. ನಲ್ಲಿ ಗಾಳಿ ಉಗುಳಿದಾಗ ಮೂರನೆಯ ಸಾಲಿನ ಹುಡುಗಿ ಕಾಲು ಕುರ್ಚಿಯ ಮೇಲೆ ಎಳೆದುಕೊಂಡಳು. ಎರಡನೆಯ ಸಲ "ಒಂದು ಮಸಾಲೆ" ಅಂದಾಗ ಯಾರೋ ಹಿಂದಿನಿಂದ "ಅರೇ ಬೋಲ್ ನಾ ಯಾರ್" ಅಂದರು. ಪರದೆಗೆ! ಹೊರಗಿನಿಂದ ಬಂದ ಪರೀಕ್ಷಕರು ಬಿಲ್ ಪುಸ್ತಕ ಕೇಳಿ ತೆಗೆದುಕೊಂಡು, ಮೂರನೆಯ ಕಾಲಂ ಮೇಲೆ ಬೆರಳಿಟ್ಟು ಇಪ್ಪತ್ತು ನಿಮಿಷ ಮಾತಾಡಿದರು. 50ಕ್ಕೆ 46. ಬ್ಯಾಚಿಗೇ ಜಾಸ್ತಿ. ಬಿಟ್ಟು ಹೋದವನು ಈಗ ಅವನ ಬಿಲ್ ಪುಸ್ತಕದಲ್ಲಿ ಗೆರೆ ಎಳೆಯುತ್ತಿದ್ದಾನೆ, ನನ್ನನ್ನು ಕೇಳದೆ.

ಖರ್ಚು ನೆನಪಿನಿಂದ ಹೇಳುವುದಾದರೆ ಒಟ್ಟು 8,000ದ ಆಸುಪಾಸು. ಅದರಲ್ಲಿ ಫಿಲ್ಮಿನಲ್ಲಿ ಕಾಣುವ, ಕೇಳುವ ಖರ್ಚು 1,200 ಮೀರಲ್ಲ. ಉಳಿದದ್ದೆಲ್ಲ ಕಿಂಗ್ಸ್ ಸರ್ಕಲ್‌ನ ನಾಯಿಗಳಿಗೆ. ಡೆಪಾಸಿಟ್ ವಾಪಸ್ ಬಂತು, ಲೆನ್ಸ್ ಮೇಲೆ ಗೀರು ಅಂತ 700 ಹಿಡಿದುಕೊಂಡು. ಆ ಗೀರು ಮೊದಲೇ ಇತ್ತು. ತರುವಾಗಲೇ ಫೋಟೋ ತೆಗೆದಿಟ್ಟುಕೊಳ್ಳಿ.

ಮಾವನಿಗೆ ಗಲ್ಲಾದಲ್ಲೇ ಫೋನಿನಲ್ಲಿ ತೋರಿಸಿದೆ. ಒಂದು ಕಣ್ಣು ಗಿರಾಕಿ ಮೇಲೆ ಇಟ್ಟುಕೊಂಡೇ ಪೂರ್ತಿ ನೋಡಿದರು. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಗ್ರೈಂಡರ್ ಎಷ್ಟು ಸಲ ನಿಲ್ಲಿಸಿದೆ ಅವತ್ತು?" ಅಂತ ಕೇಳಿದರು. ಏಳು ಸಲ ಅಂದೆ. "ಅದಕ್ಕೇ ಆ ಮಂಗಳವಾರ ಹಿಟ್ಟು ತರಿತರಿ. ನಾನು ಸುಮ್ನೆ ಭಟ್ರಿಗೆ ಬೈದೆ" ಅಂದರು.